ಜಪಾನಿನ ವಸಂತಕಾಲದ ಸಿಹಿತಿಂಡಿ: ಸಕುರಾಮೋಚಿ

ಋತುವಿಗೆ ತಕ್ಕ ತಿಂಡಿಯನ್ನು ಮಾಡುವದು ಎಲ್ಲಾ ದೇಶಗಳ ಗೃಹಿಣಿಯರಲ್ಲಿಯೂ ಕಂಡುಬರುವ ಪದ್ಧತಿಯು. ಜಪಾನು ದೇಶದಲ್ಲಾದರೋ ಇದು ಒಂದು ಕಲೆಯೇ ಆಗಿರುವದು. ಮಾರ್ಚ್ 3ರಂದು ನಡೆಯುವ ಹೆಣ್ಣುಮಕ್ಕಳ ಬೊಂಬೆಹಬ್ಬಕ್ಕೆ ನಸುಗೆಂಪು, ಬಿಳಿ, ಹಸುರು ಪದರಗಳುಳ್ಳ ‘ಹಿಶಿಮೋಚಿ’ಯನ್ನೂ, ಮೇ 5ರ ಮಕ್ಕಳ ಹಬ್ಬಕ್ಕೆ ಓಕ್ ಜಾತಿಯ ಮರದ ಎಲೆಯಲ್ಲಿ ಸುತ್ತಿದ ‘ಕಾಶಿವಾಮೋಚಿ’ಯನ್ನೂ ಅಲ್ಲಿ ಮಾಡುವರು. ಇವುಗಳ ನಡುವೆ, ಚೆರಿ ಹೂಗಳು ಅರಳುವ ಕಾಲಕ್ಕೆ ಸಲ್ಲುವದು ‘ಸಕುರಾಮೋಚಿ’. ಸಕುರಾ ಎಂದರೆ ಚೆರಿ. ಮೋಚಿ ಎಂದರೆ ಅಂಟಕ್ಕಿಯ ಉಂಡೆ.

ಇದರಲ್ಲಿ ಎರಡು ವಿಧಗಳುಂಟು. ಟೋಕಿಯೋ ಸೀಮೆಯಲ್ಲಿ ಗೋಧಿಹಿಟ್ಟಿನ ತೆಳ್ಳಗಿನ ದೋಸೆಯೊಳಗೆ ಹೂರಣವನ್ನಿಟ್ಟು ಮಡಿಸುವರು. 1717ರಲ್ಲಿ ಸುಮಿದಾ ನದಿಯ ದಡದ ಚೋಮೇಜಿ ದೇವಾಲಯದ ದ್ವಾರಪಾಲಕನೊಬ್ಬನು, ಉದುರಿದ ಚೆರಿ ಎಲೆಗಳನ್ನು ಕಂಡು ಇದನ್ನು ಮೊದಲು ಮಾಡಿದನೆಂದು ಪರಂಪರೆಯು ಹೇಳುತ್ತದೆ. ಓಸಾಕಾ, ಕ್ಯೋಟೋ ಸೀಮೆಯಲ್ಲಿಯಾದರೆ ಅಂಟಕ್ಕಿಯನ್ನು ಬೇಯಿಸಿ ಒಣಗಿಸಿ ಒಡೆದ ತರಿಯಿಂದ ಉಂಡೆಯನ್ನು ಮಾಡುವರು. ಈ ತರಿಗೆ ‘ದೋಮ್ಯೋಜಿ’ ಎಂದು ಹೆಸರು. ಅದು ಓಸಾಕಾ ಪ್ರಾಂತದ ಒಂದು ಸಂನ್ಯಾಸಿನಿಯರ ಮಠದ ಹೆಸರಿನಿಂದ ಬಂದದ್ದು. ಎರಡನೆಯ ವಿಧವನ್ನೇ ಇಲ್ಲಿ ವಿವರಿಸುವೆವು.

ಸಾಮಗ್ರಿಗಳು (ಹತ್ತು ಉಂಡೆಗಳಿಗೆ): ದೋಮ್ಯೋಜಿ ತರಿ 150 ಗ್ರಾಂ, ನೀರು 200 ಮಿಲಿಲೀಟರು, ಸಕ್ಕರೆ 30 ಗ್ರಾಂ, ಅಡಿಗೆಯ ಕೆಂಪು ಬಣ್ಣ ಒಂದು ತೊಟ್ಟು, ಉಪ್ಪಿನಲ್ಲಿಟ್ಟ ಚೆರಿ ಎಲೆ ಹತ್ತು. ಹೂರಣಕ್ಕೆ ಅಜುಕಿ ಎಂಬ ಕೆಂಪು ಕಾಳು 100 ಗ್ರಾಂ, ಸಕ್ಕರೆ 100 ಗ್ರಾಂ, ಚಿಟಿಕೆ ಉಪ್ಪು. ಅಜುಕಿಯು ನಮ್ಮ ಹೆಸರು, ಉದ್ದುಗಳ ಕುಲಕ್ಕೆ ಸೇರಿದ ಧಾನ್ಯವು. ಅದು ದೊರೆಯದಿದ್ದಲ್ಲಿ ಕೆಂಪು ಅಲಸಂದೆಯನ್ನು ಉಪಯೋಗಿಸಬಹುದು. ರುಚಿಯು ಮಾತ್ರ ತುಸು ಬೇರೆಯಾಗುವದು.

ಮಾಡುವ ಕ್ರಮ: ಕಾಳನ್ನು ಒಂದು ಕುದಿ ಕುದಿಸಿ, ಆ ನೀರನ್ನು ಚೆಲ್ಲತಕ್ಕದ್ದು, ಇದರಿಂದ ಒಗರು ಹೋಗುವದು. ಹೊಸ ನೀರಿನಲ್ಲಿ ಸುಮಾರು ಒಂದು ತಾಸು, ಬೆರಳಿನಿಂದ ಒತ್ತಿದರೆ ನುರಿಯುವಷ್ಟು ಬೇಯಿಸಬೇಕು. ಸಕ್ಕರೆಯನ್ನು ಅನಂತರವೇ ಹಾಕಬೇಕು. ಮೊದಲೇ ಹಾಕಿದರೆ ಕಾಳು ಮೆತ್ತಗಾಗದು. ಉಪ್ಪು ಬೆರಸಿ, ಗಟ್ಟಿಯಾಗುವ ತನಕ ಮಗುಚಿ, ಆರಿದ ಮೇಲೆ ಹತ್ತು ಉಂಡೆಗಳನ್ನು ಕಟ್ಟಬೇಕು. ತರಿಯನ್ನು ತೊಳೆದು, ಬಣ್ಣ ಬೆರಸಿದ ನೀರಿನಲ್ಲಿ ಅರ್ಧ ತಾಸು ನೆನೆಯಿಸಿ, ಒದ್ದೆ ಬಟ್ಟೆಯ ಮೇಲೆ ಹರಡಿ, ಇಡ್ಲಿಯ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಬೇಕು. ಸಕ್ಕರೆಯನ್ನು ಬೆರಸಿ, ಹತ್ತು ನಿಮಿಷ ಮುಚ್ಚಿಟ್ಟು, ಕೈಗೆ ನೀರು ಸವರಿಕೊಂಡು, ಹೂರಣವನ್ನು ಒಳಗಿಟ್ಟು ಉಂಡೆ ಮಾಡಬೇಕು. ಎಲೆಗಳನ್ನು ನೀರಿನಲ್ಲಿ ಕಾಲು ತಾಸು ಇಟ್ಟು, ಉಪ್ಪನ್ನು ತಗ್ಗಿಸಿ, ಒರಸಿ, ಒಂದೊಂದನ್ನು ಸುತ್ತತಕ್ಕದ್ದು. ಅದೇ ದಿನ ತಿಂದುಬಿಡಬೇಕು. ತಣ್ಣನೆಯ ಪೆಟ್ಟಿಗೆಯಲ್ಲಿಟ್ಟರೆ ಗಡುಸಾಗುವದು. ಅಂಟಿನ ತಿಂಡಿಯು ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿರುವದರಿಂದ, ಮುದುಕರಿಗೂ ಚಿಕ್ಕ ಮಕ್ಕಳಿಗೂ ಸಣ್ಣ ಚೂರುಗಳಾಗಿ ಮಾಡಿ ಕೊಡಬೇಕು.

ಈ ತಿಂಡಿಯ ಜೀವವಾದರೋ ಎಲೆಯಲ್ಲಿದೆ. ಓಶಿಮಾ ಜಾತಿಯ ಚೆರಿಯ ಹಸಿ ಎಲೆಗೆ ಹೇಳತಕ್ಕ ಪರಿಮಳವೇನೂ ಇಲ್ಲ. ಉಪ್ಪಿನಲ್ಲಿ ಇಟ್ಟಾಗ ಅದರೊಳಗಿನ ಕಣಗಳು ಒಡೆದು, ಕೌಮರಿನ್ ಎಂಬ ದ್ರವ್ಯವು ಹೊರಪಟ್ಟು, ಆ ಸುವಾಸನೆಯು ಹುಟ್ಟುತ್ತದೆ. ಈ ದ್ರವ್ಯವು ಮಿತಿಮೀರಿದರೆ ಯಕೃತ್ತಿಗೆ ಕೇಡು. ಒಂದೆರಡು ಎಲೆಗಳಿಂದ ಭಯವಿಲ್ಲ. ಎಲೆಯನ್ನು ತಿನ್ನುವವರೂ ಉಂಟು, ತೆಗೆದಿಡುವವರೂ ಉಂಟು. ಇಜು ದ್ವೀಪಕಲ್ಪದ ಮಾತ್ಸುಜಾಕಿ ಊರು ಈ ಎಲೆಗಳಿಗೆ ಹೆಸರಾಗಿದೆ. ಬೇಸಗೆಯಲ್ಲಿ ಕೊಯ್ದು, ಕಟ್ಟುಕಟ್ಟಾಗಿ ಪೀಪಾಯಿಗಳಲ್ಲಿ ಜೋಡಿಸಿ, ಉಪ್ಪು ಹಾಕಿ, ಮೇಲೆ ಭಾರವನ್ನೇರಿ, ತಿಂಗಳುಗಟ್ಟಲೆ ಬಿಡುವರು. ಆದುದರಿಂದ ಈ ವಸಂತದ ತಿಂಡಿಯನ್ನು ಸುತ್ತಿರುವದು ಕಳೆದ ವರುಷದ ಎಲೆಯೇ!

ಪ್ರಿಯ ವಿದ್ಯಾರ್ಥಿನಿಯರೇ, ಹಬ್ಬದ ದಿನದ ಸೊಗಸು ಆ ದಿನದಲ್ಲಿಯೇ ಹುಟ್ಟುವದಿಲ್ಲ. ನಮ್ಮ ಕರಾವಳಿಯ ತಾಯಂದಿರು ಬೇಸಗೆಯ ಹಲಸಿನ ಸೊಳೆಗಳನ್ನು ಉಪ್ಪಿನಲ್ಲಿಟ್ಟು ಮಳೆಗಾಲಕ್ಕೆ ತೆಗೆಯುವದರಲ್ಲಿಯೂ ಇದೇ ಮುಂದಾಲೋಚನೆಯಿದೆ. ಕರ್ತನು ಪರ್ವತಪ್ರಸಂಗದಲ್ಲಿ ತನ್ನ ಶಿಷ್ಯರನ್ನು ಉಪ್ಪಿಗೆ ಹೋಲಿಸಿದನಷ್ಟೆ. ಉಪ್ಪು ಕೆಡದಂತೆ ಕಾಯುವದಲ್ಲದೆ, ಎಲೆಯಲ್ಲಿ ಅಡಗಿರುವ ಒಳ್ಳೇದನ್ನು ಹೊರಗೆ ತರುವದು ಸಹ. ಶಾಲೆಯ ವರುಷಗಳಲ್ಲಿ ಸದ್ದಿಲ್ಲದೆ ಕಲಿತದ್ದು ಹೀಗೆಯೇ ಮುಂದಿನ ಋತುವಿನಲ್ಲಿ ಪರಿಮಳ ಬೀರಲಿ.