ನಮ್ಮ ಪಾಲಿನ ಹುರುಳಿ

ಸಂಜೆ ಏಳು ಗಂಟೆ. ನುಗ್ಗೇಹಳ್ಳಿಯ ನಮ್ಮ ಓದಿನ ಮನೆಗೆ ಅಕ್ಕಂದಿರು ಒಬ್ಬೊಬ್ಬರಾಗಿ ಬರುತ್ತಾರೆ. ಕೆಲವರು ತೋಟದಿಂದ ನೇರ ಬಂದಿರುತ್ತಾರೆ. ಸೀರೆಗೆ ಇನ್ನೂ ತೆಂಗಿನ ನಾರು ಅಂಟಿರುತ್ತದೆ. ಸೆರಗಿನ ಒಳಗೆ ಪುಸ್ತಕ.

ಅವತ್ತು ಒಬ್ಬ ಅಕ್ಕ ಓದಲು ಎದ್ದು ನಿಂತರು. ಎರಡು ಸಾಲು ಓದಿದರು. ಮೂರನೆಯ ಸಾಲಿಗೆ ತಡೆದರು.

"ಅಕ್ಷರ ಮಂಜಾಗ್ತಾ ಐತೆ" ಅಂದರು.

ಕನ್ನಡಕ ಮಾಡಿಸಿಕೊಳ್ಳಿ ಅಂತ ನಾವು ಬುದ್ಧಿ ಹೇಳಿದೆವು. ಅವರು ಗೋಡೆ ಹಿಡಿದು ಕುಳಿತೇಬಿಟ್ಟರು. ಪಕ್ಕದಲ್ಲಿದ್ದ ಅಜ್ಜಿ ಕೇಳಿದರು, "ಉಂಡಿದ್ದು ಯಾವಾಗವ್ವ?" ಬೆಳಗ್ಗೆ ಎಂಟು ಗಂಟೆಗೆ ಅರ್ಧ ಮುದ್ದೆ. ಮಧ್ಯಾಹ್ನ ಒಂದು ಲೋಟ ಕಾಫಿ. ಅಷ್ಟೇ. ಅಜ್ಜಿ ಕೇಳಿದ್ದನ್ನು ನಾವು ಮೊದಲೇ ಕೇಳಬೇಕಿತ್ತು. ತಪ್ಪು ನಮ್ಮದು.

"ಮನೇಲಿ ಇವತ್ತು ಏನು ಬೇಯಿಸಿದ್ರಿ?" ಅಂತ ಆಮೇಲೆ ಕೇಳಿದೆವು. ಹುರುಳಿ ಬೇಯಿಸಿದ್ದರು. ಕಟ್ಟು ಬಸಿದು ಸಾರು ಮಾಡಿದ್ದರು. ಸಾರು ಗಂಡ ಮಕ್ಕಳ ಮುದ್ದೆಗೆ ಆಯಿತು. ಬೆಂದ ಕಾಳು ಎಲ್ಲಿ ಹೋಯಿತು?

"ಹಸೀಗೆ ಹಾಕ್ದೆ. ಕರು ಹಾಕೈತಲ್ಲ!"

ಎಲ್ಲರೂ ನಕ್ಕರು. ಆ ಅಕ್ಕನೂ ನಕ್ಕರು. ಕರು ಹಾಕಿದ ಹಸುವಿಗೆ ಬಲ ಬೇಕು, ಸರಿಯೇ. ಹಸುವಿಗೆ ಬಲ ಕೊಡುವ ಕಾಳು ನಮಗೆ ಬಲ ಕೊಡುವುದಿಲ್ಲವೆ?

ಹುರುಳಿಯನ್ನು ಕೀಳಾಗಿ ನೋಡುವುದು ಇಂದಿನದಲ್ಲ. ಇಂಗ್ಲಿಷಿನಲ್ಲಿ ಅದರ ಹೆಸರೇ ಕುದುರೆ ಕಾಳು. ನಮ್ಮ ಊರಿನ ಲಕ್ಷ್ಮೀನರಸಿಂಹ ದೇವಸ್ಥಾನವನ್ನು 1246ರಲ್ಲಿ ಕಟ್ಟಿಸಿದವನು ಬೊಮ್ಮಣ್ಣ ದಂಡನಾಯಕ. ಹೊಯ್ಸಳರ ದಂಡಿನ ನಾಯಕ. ದಂಡು ಅಂದ ಮೇಲೆ ಕುದುರೆ ಇರಲೇಬೇಕು. ಕುದುರೆಗೆ ಹುರುಳಿ ಹಾಕುವುದು ಹಳೆಯ ಪದ್ಧತಿ. ಮೈಲಿಗಟ್ಟಲೆ ಓಡುವ ಪ್ರಾಣಿಗೆ ಜನ ಸುಮ್ಮನೆ ಯಾವುದೋ ಕಾಳು ಹಾಕುತ್ತಿರಲಿಲ್ಲ.

ಈಗ ಎರಡು ಮಾತು ಓದಿ. ಹುರುಳಿ. ಹುರುಳು. ಕೊನೆಯ ಅಕ್ಷರದ ಗುಣಿತ ಮಾತ್ರ ಬೇರೆ. ಹುರುಳು ಅಂದರೆ ಸತ್ವ.

ಆ ಸತ್ವ ಎಷ್ಟು? 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಮೈ ಕಟ್ಟುವ, ಸವೆದದ್ದನ್ನು ತುಂಬುವ ಅಂಶವೇ ಪ್ರೋಟೀನ್. ಒಂದು ಹಿಡಿ ಒಣ ಕಾಳು, ಅಂದರೆ 30 ಗ್ರಾಂ ಆದರೆ, ಒಂದು ಮೊಟ್ಟೆಯಷ್ಟು ಪ್ರೋಟೀನ್ ಸಿಗುತ್ತದೆ. ಕಬ್ಬಿಣದ ಅಂಶವೂ ಇದೆ. ಜಿಡ್ಡು ಮಾತ್ರ 100 ಗ್ರಾಂ ಕಾಳಿಗೆ ಒಂದು ಗ್ರಾಂ ಕೂಡ ಇಲ್ಲ.

ಜಿಡ್ಡಿನ ಮಾತು ಏಕೆ ಬಂತು? ಸಂಜೆ ಹಸಿವಾದರೆ ನಾವು ಏನು ತಿನ್ನುತ್ತೇವೆ, ನೆನೆಸಿಕೊಳ್ಳಿ. ಬೋಂಡ. ಇಲ್ಲದಿದ್ದರೆ ಮಗುವಿನ ಕೈಯಲ್ಲಿರುವ ಬಣ್ಣದ ಪೊಟ್ಟಣದಿಂದ ನಾಲ್ಕು ಚೂರು. ಎರಡರಲ್ಲೂ ಎಣ್ಣೆ, ಉಪ್ಪು ಹೆಚ್ಚು. ಕಾಸೂ ಹೋಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಈಗ ಪೇಟೆಯವರಿಗೆ ಮಾತ್ರ ಬರುವ ಕಾಯಿಲೆಗಳಾಗಿ ಉಳಿದಿಲ್ಲ.

ಹಾಗಾದರೆ ಹುರುಳಿಕಾಳಿನ ಗಟ್ಟಿ ಚಟ್ನಿ ಮಾಡೋಣ. ಒಂದು ಲೋಟ ಹುರುಳಿಯಲ್ಲಿ ಕಲ್ಲು ಆರಿಸಿ. ಹುರುಳಿಯಲ್ಲಿ ಕಲ್ಲು ಜಾಸ್ತಿ, ಅವಸರ ಮಾಡಬೇಡಿ. ರಾತ್ರಿ ನೆನೆಹಾಕಿ. ಬೆಳಗ್ಗೆ ಆ ನೀರು ಚೆಲ್ಲಿ, ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದು ಹಗಲು, ಒಂದು ರಾತ್ರಿ ಕಳೆದರೆ ಮೊಳಕೆ ಬರುತ್ತದೆ. ಚಳಿಗಾಲದಲ್ಲಿ ಇನ್ನೂ ಸ್ವಲ್ಪ ಹೊತ್ತು ಬೇಕು. ಮೊಳಕೆ ಬಂದ ಕಾಳಿನ ಕಬ್ಬಿಣ ನಮ್ಮ ಮೈಗೆ ಚೆನ್ನಾಗಿ ಹತ್ತುತ್ತದೆ. ಪುರುಸೊತ್ತು ಇಲ್ಲವೆ? ನೆನೆದ ಕಾಳೇ ಸಾಕು. ಹಿಸುಕಿದರೆ ಬೆರಳಿಗೆ ಮೆತ್ತಿಕೊಳ್ಳುವ ಹಾಗೆ ಬೇಯಿಸಿ. ಕಟ್ಟು ಬಸಿದು ಇಟ್ಟುಕೊಳ್ಳಿ. ಸಾರು ಹೇಗೂ ಆಗಬೇಕಲ್ಲ.

ಬೆಂದ ಕಾಳಿಗೆ ನಾಲ್ಕು ಎಸಳು ಬೆಳ್ಳುಳ್ಳಿ, ಸುಟ್ಟ ಎರಡು ಒಣಮೆಣಸಿನಕಾಯಿ, ಚಿಟಿಕೆ ಜೀರಿಗೆ, ಕೊತ್ತಂಬರಿ ಸೊಪ್ಪು, ಉಪ್ಪು ಸೇರಿಸಿ. ಒರಳಲ್ಲಿ ರುಬ್ಬಿ. ಮಿಕ್ಸಿಯಾದರೂ ಸರಿ. ಗಟ್ಟಿ ಅನ್ನಿಸಿದರೆ ಎಣ್ಣೆ ಬೇಡ, ಕಟ್ಟನ್ನೇ ಒಂದೊಂದು ಚಮಚ ಹಾಕಿ. ಬೆರಳಲ್ಲಿ ಎತ್ತಿದರೆ ಬೀಳಬಾರದು, ಆ ಹದ. ಕೊನೆಗೆ ಅರ್ಧ ನಿಂಬೆಹಣ್ಣು ಹಿಂಡಿ. ನಿಂಬೆಹುಳಿ ಕೂಡ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಕಾಫಿ, ಟೀ ಅದನ್ನು ತಡೆಯುತ್ತವೆ. ಅದಕ್ಕೆ ತಿಂದ ಕೂಡಲೇ ಕಾಫಿ ಬೇಡ. ಒಂದು ಗಂಟೆ ಬಿಡಿ.

ಇದನ್ನು ರಾಗಿ ರೊಟ್ಟಿಗೆ ಹಚ್ಚಿ ತಿನ್ನಿ. ಸೌತೆಕಾಯಿ, ಮೂಲಂಗಿ, ಕ್ಯಾರೆಟ್ ಉದ್ದಕ್ಕೆ ಸೀಳಿ, ಅದ್ದಿ ತಿನ್ನಿ. ಮಕ್ಕಳಿಗೆ ಅದ್ದಿ ತಿನ್ನುವುದು ಅಂದರೆ ಆಟ.

ತೆಂಗಿನಕಾಯಿ ಹಾಕೋದಿಲ್ಲವೆ ಅಂತ ಕೇಳ್ತೀರಿ. ಚನ್ನರಾಯಪಟ್ಟಣದ ಸೀಮೆಯಲ್ಲಿ ಕಾಯಿ ಬೇಡ ಅಂದರೆ ನಮ್ಮನ್ನು ಊರಿಗೇ ಸೇರಿಸುವುದಿಲ್ಲ! ಹಾಕಿ. ಆದರೆ ಎರಡು ಚಮಚ ತುರಿ ಸಾಕು. 100 ಗ್ರಾಂ ಹಸಿ ಕಾಯಿಯಲ್ಲಿ ಸುಮಾರು 40 ಗ್ರಾಂ ಜಿಡ್ಡೇ ಇರುತ್ತದೆ. ಮರದಿಂದ ಪುಕ್ಕಟೆ ಸಿಗುತ್ತದೆ ಅಂತ ನಮ್ಮ ಕೈ ಧಾರಾಳ. ಒಗ್ಗರಣೆಗೂ ಅರ್ಧ ಚಮಚ ಎಣ್ಣೆ ಸಾಕು. ಅದೂ ಬೇಕಾದರೆ.

ಕಾಳು ರುಬ್ಬಿ ತಿನ್ನುವವರು ನಾವು ಮಾತ್ರ ಅಲ್ಲ. ಲೆಬನಾನ್, ಸಿರಿಯಾ, ಪ್ಯಾಲೆಸ್ತೀನ್ ಕಡೆ ಕಡಲೆಕಾಳು ಬೇಯಿಸಿ, ಎಳ್ಳು, ಬೆಳ್ಳುಳ್ಳಿ, ನಿಂಬೆಹುಳಿ ಹಾಕಿ ನುಣ್ಣಗೆ ರುಬ್ಬುತ್ತಾರೆ. ಅದರ ಹೆಸರು ಹಮ್ಮಸ್. ಅರಬ್ಬಿ ಭಾಷೆಯಲ್ಲಿ ಆ ಮಾತಿಗೆ ಕಡಲೆ ಅಂತಲೇ ಅರ್ಥ. ಅದನ್ನು ರೊಟ್ಟಿ ಜೊತೆ ತಿನ್ನುತ್ತಾರೆ. ಈಗ ಬೆಂಗಳೂರಿನ ಅಂಗಡಿಗಳಲ್ಲಿ ಡಬ್ಬಿಯಲ್ಲಿ ಮಾರುತ್ತಾರೆ. ಎಳ್ಳಿನಲ್ಲೂ ಜಿಡ್ಡು ಹೆಚ್ಚು. ನಾವು ಮಾಡುವಾಗ ಒಂದು ಲೋಟ ಕಡಲೆಗೆ ಒಂದು ಚಮಚ ಹುರಿದ ಎಳ್ಳು ಹಾಕಿ, ಉಳಿದದ್ದಕ್ಕೆ ಕಡಲೆ ಬೆಂದ ನೀರು ಹಾಕಿದೆವು. ಚೆನ್ನಾಗಿಯೇ ಆಯಿತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ನಮ್ಮ ಅಜ್ಜಿ ಹಲ್ಲಿಲ್ಲದೆಯೇ ಒಂದು ಬಟ್ಟಲು ಕಡಲೆ ಮುಗಿಸಿದರು. ಅಲಸಂದೆ, ಅವರೆಯಲ್ಲೂ ಹೀಗೇ ಮಾಡಬಹುದು. ಕಾಳು ಪೂರ್ತಿ ಬೇಯಬೇಕು, ಅರ್ಧ ಬೆಂದದ್ದು ಬೇಡ.

ಬೆಂದ ಕಾಳಿನ ಚಟ್ನಿ ಬೇಗ ಹಳಸುತ್ತದೆ. ಅವತ್ತು ಮಾಡಿದ್ದು ಅವತ್ತೇ ಮುಗಿಯಲಿ. ಹೊಟ್ಟೆ ಉಬ್ಬರ ಬರುವವರು ಮೊದಲು ಎರಡು ಚಮಚ ತಿಂದು ನೋಡಿ. ಹುರುಳಿ ಉಷ್ಣ ಅನ್ನುವವರು ಜೊತೆಗೆ ಮಜ್ಜಿಗೆ ಕುಡಿಯಿರಿ. ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ತಿನ್ನಬೇಕು.

ಇನ್ನು ಆ ಅಕ್ಕನ ವಿಷಯ. ಕಾಳು ತಿಂದರೆ ಸಾಕು ಅಂತ ನಾವು ಬಿಡಲಿಲ್ಲ. ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರಬೇಕು. ಅವರಿಗೆ 9 ಇತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆ. ಅಕ್ಕನಿಗೆ ಕಬ್ಬಿಣದ ಮಾತ್ರೆ ಕೊಟ್ಟರು. ಈಗ ಮಾತ್ರೆಯೂ ನಡೆದಿದೆ, ಹುರುಳಿಯೂ ನಡೆದಿದೆ.

ಹಸುವಿಗೆ ಈಗಲೂ ಹಾಕುತ್ತಾರೆ. ಆದರೆ ಕಟ್ಟು ಬಸಿದ ಕೂಡಲೇ, ಯಾರಿಗೂ ಬಡಿಸುವ ಮೊದಲು, ಒಂದು ಸೌಟು ಕಾಳು ಬೇರೆ ಬಟ್ಟಲಿಗೆ ತೆಗೆದಿಡುತ್ತಾರೆ. "ಅತ್ತೆ ಏನಂದ್ರು?" ಅಂತ ಕೇಳಿದೆವು. "ನಂಗೂ ಒಂದು ಸೌಟು ಮಡಗು ಅಂದ್ರು" ಅಂತ ಹೇಳಿದರು.

ಬರೆಯಿರಿ: ನಿನ್ನೆ ನಿಮ್ಮ ಮನೆಯಲ್ಲಿ ಏನು ಬೇಯಿಸಿದಿರಿ? ಯಾರು ಯಾರು ಎಷ್ಟು ತಿಂದರು? ಒಬ್ಬೊಬ್ಬರ ಹೆಸರೂ ಒಂದೊಂದು ಸಾಲಿನಲ್ಲಿ ಬರೆಯಿರಿ. ಮೊದಲ ಸಾಲಿನಲ್ಲಿ ನಿಮ್ಮ ಹೆಸರು.