ಕಾಲಿಗೆ ಹಾಕಿದ ರಾಡ್ ಯಾಕೆ ಮುರಿಯುತ್ತೆ?

ಬೈಕ್‌ನಿಂದ ಬಿದ್ದು ಕಾಲಿಗೆ ರಾಡ್ ಹಾಕಿಸಿಕೊಂಡವರು ನಮ್ಮೆಲ್ಲರ ಬಳಗದಲ್ಲೂ ಒಬ್ಬರಾದರೂ ಇರ್ತಾರೆ. ಅವರಲ್ಲಿ ಕೆಲವರಿಗೆ ಏಳೆಂಟು ತಿಂಗಳಾದ ಮೇಲೆ ಅದೇ ಕಾಲು ಮತ್ತೆ ನೋಯುತ್ತೆ. ಎಕ್ಸ್-ರೇ ತೆಗೆಸಿದರೆ ರಾಡೇ ಎರಡು ತುಂಡು! "ಕಳಪೆ ರಾಡ್ ಹಾಕಿಬಿಟ್ರು" ಅಂತ ಮನೆಯವರು ಬೈಯೋದು ಸಹಜ. ರಾಡ್‌ನ ಅಳತೆ, ಹಾಕಿದ ರೀತಿಯೂ ಕಾರಣ ಆಗಬಹುದು ನಿಜ. ಆದರೆ ನಾವು ಮೊದಲು ಕೇಳಬೇಕಾದ್ದು ಇದು: ಅಷ್ಟು ತಿಂಗಳಾದರೂ ಭಾರವನ್ನು ರಾಡೇ ಯಾಕೆ ಹೊರುತ್ತಿತ್ತು?

ದಿನಕ್ಕೆ 5,000 ಹೆಜ್ಜೆ ಅಂದರೆ ಒಂದು ಕಾಲಿಗೆ 2,500 ಲೋಡ್ ಸೈಕಲ್. ವರ್ಷಕ್ಕೆ ಒಂಬತ್ತು ಲಕ್ಷ ದಾಟುತ್ತೆ. ಪ್ರತಿ ಸಲದ ಸ್ಟ್ರೆಸ್ ಯೀಲ್ಡ್ ಸ್ಟ್ರೆಂತ್‌ಗಿಂತ ಕಡಿಮೆಯಿದ್ದರೂ ಫೆಟೀಗ್‌ನಿಂದ ಬಿರುಕು ಹುಟ್ಟಬಹುದು. ಸಾಮಾನ್ಯವಾಗಿ ಅದು ಶುರುವಾಗೋದು ಸ್ಕ್ರೂ ತೂತಿನ ಅಂಚಿನಲ್ಲಿ; ಸ್ಟ್ರೆಸ್ ಕಾನ್ಸೆಂಟ್ರೇಷನ್ ನಾವು ಓದಿದ್ದೇವಲ್ಲ, ಅದೇ. ಅಷ್ಟರೊಳಗೆ ಮೂಳೆ ಕೂಡಿದರೆ ಭಾರ ಹಂಚಿಹೋಗುತ್ತೆ. ಕೂಡದಿದ್ದರೆ ಲೋಹ ದಣಿಯುತ್ತೆ.

ಹಾಗಾಗಿ ಎರಡನೇ ಆಪರೇಷನ್‌ನಲ್ಲಿ ಬರೀ ರಾಡ್ ಬದಲಿಸಿದರೆ ಸಾಲದು. ಮೂಳೆ ಕೂಡದಿರಲು ಸೋಂಕು ಕಾರಣವೇ ಅಂತ ಮೊದಲು ರಕ್ತ ಪರೀಕ್ಷೆ ಮಾಡ್ತಾರೆ, ಒಳಗಿನ ಅಂಗಾಂಶವನ್ನೂ ಲ್ಯಾಬ್‌ಗೆ ಕಳಿಸ್ತಾರೆ. ಸೋಂಕಿದ್ದರೆ ಮೊದಲು ಅದನ್ನು ಶುಚಿ ಮಾಡಬೇಕು. ಅಲ್ಲಿಯವರೆಗೆ ಹೊರಗಿನ ಫ್ರೇಮ್‌ನಿಂದ ಕಾಲನ್ನು ಹಿಡಿದಿಡಬಹುದು.

ಇನ್ನು ತುಂಡು ತೆಗೆಯೋದು. ಮೇಲಿನ ಅರ್ಧ ಹಾಕಿದ ದಾರಿಯಲ್ಲೇ ಬರುತ್ತೆ. ಕೆಳಗಿನದು ಮೂಳೆಯೊಳಗೇ ಸಿಕ್ಕಿಕೊಳ್ಳುತ್ತೆ. ರಾಡ್ ಟೊಳ್ಳಾಗಿದ್ದರೆ ಅದರೊಳಗೆ ಉದ್ದನೆಯ ಕೊಕ್ಕೆ ಇಳಿಸಿ, ಕೆಳತುದಿಗೆ ಸಿಕ್ಕಿಸಿ ಮೇಲಕ್ಕೆ ಎಳೀತಾರೆ. ಮುರಿದ ಸ್ಕ್ರೂ ಬಾರದಿದ್ದರೆ ಟೊಳ್ಳು ಡ್ರಿಲ್‌ನಿಂದ ಅದರ ಸುತ್ತಲಿನ ಮೂಳೆ ಕೊರೆದು ಹೊರತೆಗೀತಾರೆ.

ಆಮೇಲೆ ಮೂಳೆಯ ನಾಳವನ್ನು ರೀಮರ್‌ನಿಂದ ಅಗಲಿಸಿ ದಪ್ಪ ರಾಡ್ ಹಾಕ್ತಾರೆ. ಒಂದೆರಡು ಮಿ.ಮೀ.ಯಿಂದ ಏನಾಗುತ್ತೆ ಅನ್ನಬೇಡಿ. ಘನ ರಾಡ್‌ನ ಬಾಗುವಿಕೆ ತಡೆಯುವ ಬಿಗಿತ ವ್ಯಾಸದ ನಾಲ್ಕನೇ ಘಾತಕ್ಕೆ ಅನುಪಾತದಲ್ಲಿರುತ್ತೆ, 9 ಮಿ.ಮೀ. ಬದಲು 11 ಹಾಕಿದರೆ ಅದು ಸುಮಾರು 2.2 ಪಟ್ಟು. ಟೊಳ್ಳು ರಾಡ್‌ಗೆ ಲೆಕ್ಕ ಸ್ವಲ್ಪ ಬೇರೆ. ಕೊರೆದಾಗ ಬಂದ ಮೂಳೆಪುಡಿಯೂ ಬಿರುಕಿನಲ್ಲಿ ಉಳಿದು ಕೂಡಲು ನೆರವಾಗುತ್ತೆ. ಅಂತರ ದೊಡ್ಡದಿದ್ದರೆ ಸೊಂಟದ ಮೂಳೆಯಿಂದ ಚೂರು ತೆಗೆದು ತುಂಬಬೇಕಾಗಬಹುದು.

ರಾಡ್ ಹಾಕಿಸಿಕೊಂಡ ಗೆಳೆಯ "ನೋವೇ ಇಲ್ಲ, ಆಡೋಕೆ ಬರ್ತೀನಿ" ಅಂದರೆ ಕರೆದುಕೊಂಡು ಹೋಗಬೇಡಿ. ನೋವಿಲ್ಲ ಅಂದರೆ ಮೂಳೆ ಕೂಡಿದೆ ಅಂತಲ್ಲ. ಸಿಗರೇಟು ಬಿಡಿಸಿ, ಅದು ಮೂಳೆ ಕೂಡೋದನ್ನು ನಿಧಾನ ಮಾಡುತ್ತೆ. ಮುಂದಿನ ಎಕ್ಸ್-ರೇ ಯಾವತ್ತು ಅಂತ ಕೇಳಿ, ಆ ದಿನ ಜೊತೆಗೆ ಹೋಗಿ.