ಒಡೆಯದ ಉಂಡೆ: ಮನೆಯಲ್ಲಿ ಕಿಬ್ಬೆ ಮಾಡುವ ಪಾಠ



ಮಾಂಸದ ಉಂಡೆ ನಮ್ಮ ಮನೆಗಳಿಗೆ ಹೊಸದಲ್ಲ. ಕೈಮಕ್ಕೆ ಹುರಿಗಡಲೆ ಪುಡಿ ಸೇರಿಸಿ, ಉಂಡೆ ಕಟ್ಟಿ ಸಾರಿಗೆ ಬಿಡುವುದನ್ನು ನಮ್ಮ ತಾಯಂದಿರು ಬಲ್ಲರು. ಇಂದಿನ ಪಾಠ ಅದರ ದೂರದ ನೆಂಟನದು. ಗೋಧಿ ನುಚ್ಚನ್ನೂ ಮಾಂಸವನ್ನೂ ಕೂಡಿಸಿ ಅರೆದು ಹೊರಗಿನ ಚಿಪ್ಪು ಮಾಡಿ, ಒಳಗೆ ಹುರಿದ ಕೈಮ ತುಂಬಿ, ಎಣ್ಣೆಯಲ್ಲಿ ಕರಿಯುವ ಈ ತಿಂಡಿಗೆ ಸಿರಿಯಾ ಮತ್ತು ಲೆಬನಾನ್ ದೇಶಗಳಲ್ಲಿ ಕಿಬ್ಬೆ ಎನ್ನುತ್ತಾರೆ. ಇರಾಕ್, ಕುವೈತ್ ಕಡೆ ಕುಬ್ಬಾ ಎನ್ನುತ್ತಾರೆ. ಅರಬ್ಬಿಯಲ್ಲಿ ಆ ಮಾತಿಗೆ ಉಂಡೆ ಎಂದೇ ಅರ್ಥ. ಅಲ್ಲಿಂದ ವಲಸೆ ಹೋದವರು ಇದನ್ನು ದೂರದ ಬ್ರೆಜಿಲ್‌ಗೂ ಕೊಂಡೊಯ್ದರು. ನಮ್ಮ ಕಡೆಯ ಒಂದು ಮನೆಗೆ ಇದು ಬಂದ ಬಗೆಯನ್ನು ಮೊದಲು ಹೇಳುತ್ತೇನೆ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಹತ್ತಿರ ಒಂದು ಕುಟುಂಬ. ಯಜಮಾನರು ಹನ್ನೊಂದು ವರ್ಷದಿಂದ ಕುವೈತಿನ ಒಂದು ಮನೆಯಲ್ಲಿ ಅಡುಗೆಯವರು. 2024ರ ಜನವರಿಯಲ್ಲಿ ಎರಡು ತಿಂಗಳ ರಜೆಯ ಮೇಲೆ ಬಂದಿದ್ದರು. ಮನೆ ಭೇಟಿಗೆ ಹೋದಾಗ ಮೆಲ್ಲಗೆ ಹೇಳಿದರು: "ಫಾದರ್, ಆ ಮನೆ ಮಕ್ಕಳಿಗೆ ಏನು ಇಷ್ಟ ಅಂತ ನನಗೆ ಗೊತ್ತು. ನನ್ನ ಮಕ್ಕಳಿಗೆ ಏನು ಇಷ್ಟ ಅಂತ ಗೊತ್ತಿಲ್ಲ."

ತಪಸ್ಸುಕಾಲಕ್ಕೆ ಮುಂಚಿನ ಭಾನುವಾರ, ಫೆಬ್ರವರಿ 11ರಂದು, ಮಕ್ಕಳಿಗಾಗಿ ಕಿಬ್ಬೆ ಮಾಡಲು ನಿಂತರು. ಬಾಣಲೆಗೆ ಬಿಟ್ಟ ಮೊದಲ ಉಂಡೆ ಬಿರಿಯಿತು. ಎರಡನೆಯದೂ ಬಿರಿಯಿತು. ಎಣ್ಣೆಯ ತುಂಬ ಕೈಮ ಚೆಲ್ಲಿತು. ಮಗಳು ನಕ್ಕಳು, ಮಗ ಎದ್ದು ಆಡಲು ಹೋದ. ಅಪ್ಪನ ಮುಖ ಬಾಡಿತು. ಆಗ ಅವರ ತಾಯಿ ಒಂದು ಚೂರನ್ನು ಬಾಯಿಗೆ ಹಾಕಿಕೊಂಡು, "ನುಚ್ಚು ಬೆಂದೇ ಇಲ್ಲ ಕಣಪ್ಪ" ಎಂದರು.

ನುಚ್ಚಿನ ಗುಟ್ಟು

ಅಜ್ಜಿಯ ಮಾತು ಸರಿಯಾಗಿತ್ತು. ಅರಬ್ ನಾಡುಗಳಲ್ಲಿ ಬಳಸುವುದು ಬುಲ್ಗುರ್; ಅಂದರೆ ಗೋಧಿಯನ್ನು ಮೊದಲು ಬೇಯಿಸಿ, ಒಣಗಿಸಿ, ಆಮೇಲೆ ಒಡೆದ ನುಚ್ಚು. ನಮ್ಮ ಕುಸುಬಲಕ್ಕಿಗೆ ಭತ್ತ ಬೇಯಿಸುವ ಹಾಗೆಯೇ ಇದು. ನಮ್ಮ ಅಂಗಡಿಯ ಗೋಧಿ ನುಚ್ಚು ಹಸಿ ಗೋಧಿಯದು. ಎಷ್ಟು ನೆನೆಸಿದರೂ ಅದಕ್ಕೆ ಅಂಟು ಬರುವುದಿಲ್ಲ.

ಬೇಸಿಗೆಯ ಬಿಸಿಲಿನಲ್ಲಿ ಬುಲ್ಗುರನ್ನು ಮನೆಯಲ್ಲೇ ಮಾಡಬಹುದು. ಗೋಧಿಯನ್ನು ತೊಳೆದು, ಹೆಚ್ಚು ನೀರಿನಲ್ಲಿ ಕಾಳು ಮೆತ್ತಗಾಗುವವರೆಗೆ ಬೇಯಿಸಿ. ನೀರು ಬಸಿದು, ಬಟ್ಟೆಯ ಮೇಲೆ ಹರಡಿ, ಹಲ್ಲಿಗೆ ಕಟ್ಟೆನ್ನುವಷ್ಟು ಗಟ್ಟಿಯಾಗಿ ಒಣಗಿಸಿ. ಗಿರಣಿಯಲ್ಲಿ ತರಿಯಾಗಿ ಒಡೆಸಿ, ಜರಡಿ ಹಿಡಿದು ಸಣ್ಣ ನುಚ್ಚನ್ನು ಬೇರೆ ಮಾಡಿ. ಅಷ್ಟು ಸಮಯವಿಲ್ಲದವರು ಸಣ್ಣ ಗೋಧಿ ನುಚ್ಚನ್ನು ಒಂದು ಗಂಟೆ ನೆನೆಸಿ, ಬಟ್ಟೆಯಲ್ಲಿ ಇಟ್ಟು ಇಡ್ಲಿ ಪಾತ್ರೆಯಲ್ಲಿ 15 ನಿಮಿಷ ಹಬೆಯಲ್ಲಿ ಬೇಯಿಸಿ ಆರಿಸಬಹುದು. ನುಚ್ಚಿನುಂಡೆ ಬಲ್ಲವರಿಗೆ ಇದು ಕಷ್ಟವಲ್ಲ.

ಮಾಡುವ ಕ್ರಮ (ಸುಮಾರು 20 ಉಂಡೆಗೆ)

ಚಿಪ್ಪಿಗೆ: ಬುಲ್ಗುರ್ 250 ಗ್ರಾಂ, ಕೊಬ್ಬಿಲ್ಲದ ಕುರಿ ಮಾಂಸದ ಕೈಮ 250 ಗ್ರಾಂ, ಈರುಳ್ಳಿ 1, ಜೀರಿಗೆ ಪುಡಿ, ಉಪ್ಪು. ಬುಲ್ಗುರನ್ನು 20 ನಿಮಿಷ ನೆನೆಸಿ ಚೆನ್ನಾಗಿ ಹಿಂಡಿ. ಎಲ್ಲವನ್ನೂ ಕೂಡಿಸಿ ಒರಳಿನಲ್ಲೋ ಮಿಕ್ಸಿಯಲ್ಲೋ ಎರಡು ಸಲ ಅರೆಯಿರಿ. ಹಿಟ್ಟು ಬೆರಳಿಗೆ ಅಂಟಬೇಕು. ಅರೆಯುವಾಗ ಬಿಸಿಯಾಗದಂತೆ ಸ್ವಲ್ಪ ತಣ್ಣೀರು ಚಿಮುಕಿಸಿ.

ಹೂರಣಕ್ಕೆ: ಕೈಮ 250 ಗ್ರಾಂ, ಸಣ್ಣಗೆ ಹೆಚ್ಚಿದ ಈರುಳ್ಳಿ 2, ಕರಿಮೆಣಸು, ಚಕ್ಕೆ ಮತ್ತು ಲವಂಗದ ಪುಡಿ, ಉಪ್ಪು, ಹುರಿದ ಗೋಡಂಬಿ ಅಥವಾ ಶೇಂಗಾ. ನೀರೆಲ್ಲ ಇಂಗುವವರೆಗೆ ಹುರಿದು, ಪೂರ್ತಿ ತಣ್ಣಗಾಗಲು ಬಿಡಿ.

ಕೈಗೆ ತಣ್ಣೀರು ಹಚ್ಚಿಕೊಂಡು ನಿಂಬೆ ಗಾತ್ರದ ಹಿಟ್ಟನ್ನು ತೆಗೆದುಕೊಳ್ಳಿ. ತೋರುಬೆರಳಿನಿಂದ ಗುಳಿ ತೋಡಿ, ತಿರುಗಿಸುತ್ತ ಚಿಪ್ಪನ್ನು ತೆಳ್ಳಗೆ ಮಾಡಿ. ಒಂದು ಚಮಚ ಹೂರಣ ತುಂಬಿ ಬಾಯಿ ಮುಚ್ಚಿ, ಎರಡು ತುದಿಯನ್ನೂ ಚೂಪು ಮಾಡಿ. ಅರ್ಧ ಗಂಟೆ ತಣ್ಣನೆಯ ಜಾಗದಲ್ಲಿಡಿ. ಎಣ್ಣೆ ಹದವಾಗಿ ಕಾದ ಮೇಲೆ ನಾಲ್ಕು ನಾಲ್ಕಾಗಿ ಬಿಟ್ಟು, ಕಂದುಬಣ್ಣ ಬರುವವರೆಗೆ, ಸುಮಾರು ಐದು ನಿಮಿಷ ಕರಿಯಿರಿ.

ಉಂಡೆ ಒಡೆದರೆ ಕಾರಣ ಹುಡುಕಿ. ನುಚ್ಚು ಬೆಂದಿಲ್ಲದಿದ್ದರೆ ಚಿಪ್ಪಿಗೆ ಹಿಡಿತವಿಲ್ಲ. ಹೂರಣ ಹಸಿಯಾಗಿದ್ದರೆ ಒಳಗಿನ ಹಬೆ ಚಿಪ್ಪನ್ನು ಸೀಳುತ್ತದೆ. ಬಿರುಕು ಉಳಿದಿದ್ದರೆ ಅಲ್ಲಿಂದಲೇ ಎಣ್ಣೆ ನುಗ್ಗುತ್ತದೆ. ಎಣ್ಣೆ ಕಾದಿರದಿದ್ದರೆ ಉಂಡೆ ಎಣ್ಣೆ ಕುಡಿದು ಸಡಿಲವಾಗುತ್ತದೆ.

ತಪಸ್ಸುಕಾಲದ ಕಿಬ್ಬೆ

ಆ ತಂದೆಗೆ ಮಂಗಳವಾರವೇ ಮತ್ತೆ ಮಾಡುವ ಆಸೆ. ಆದರೆ 15ರಂದು ಸಂತ ಸೇವಾಲಾಲರ ಜಯಂತಿ. ಸೂರಗೊಂಡನಕೊಪ್ಪದ ಜಾತ್ರೆಯ ಹೊತ್ತು. ಪಕ್ಕದ ಮನೆಯ ಬಂಜಾರ ಕುಟುಂಬದವರು ಮಾಲೆ ಧರಿಸಿ ವ್ರತದಲ್ಲಿದ್ದರು. "ಅವರು ವ್ರತದಲ್ಲಿರುವಾಗ ನಮ್ಮ ಒಲೆಯಿಂದ ಮಾಂಸದ ವಾಸನೆ ಬೇಡ" ಎಂದರು ಅಜ್ಜಿ. 14ರಂದು ನಮ್ಮ ಬೂದಿ ಬುಧವಾರವೂ ಬಂತು. ಆ ಮನೆಯವರು ತಪಸ್ಸುಕಾಲ ಪೂರ್ತಿ ಮಾಂಸ ಬಿಡುವವರು. ಪಾಸ್ಖ ಹಬ್ಬ ಮಾರ್ಚ್ 31ಕ್ಕೆ. ಅಪ್ಪನ ರಜೆ ಅದಕ್ಕೆ ಮುಂಚೆಯೇ ಮುಗಿಯುವುದು.

ಲೆಬನಾನಿನ ಕ್ರೈಸ್ತರು ತಪಸ್ಸುಕಾಲದಲ್ಲಿ ಮಾಂಸವಿಲ್ಲದ ಕಿಬ್ಬೆ ಮಾಡುತ್ತಾರೆಂಬುದು ಆಗ ಅವರಿಗೆ ನೆನಪಾಯಿತು. ಬೇಯಿಸಿ ನೀರು ಹಿಂಡಿದ ಸಿಹಿಗುಂಬಳವನ್ನು ಬುಲ್ಗುರಿನ ಜೊತೆ ನಾದಿ, ಸ್ವಲ್ಪ ಗೋಧಿ ಹಿಟ್ಟು ಸೇರಿಸಿದರೆ ಚಿಪ್ಪು ಸಿದ್ಧ. ಪಾಲಕ್, ಈರುಳ್ಳಿ, ಬೆಂದ ಕಾಬೂಲಿ ಕಡಲೆ, ನಿಂಬೆರಸ ಒಳಗಿನ ಹೂರಣ. ಗೋಧಿ ಬೇಯಿಸಿದ್ದು ಅಜ್ಜಿ, ಅಂಗಳದಲ್ಲಿ ಹರಡಿ ಕಾಗೆ ಕಾದದ್ದು ಮಗ, ಗುಳಿ ತೋಡಲು ಕಲಿತದ್ದು ಮಗಳು. ಈ ಸಲ ಉಂಡೆ ನಿಂತಿತು. ಜಾತ್ರೆ ಮುಗಿದ ಮೇಲೆ ಪಕ್ಕದ ಮನೆಯ ಮಕ್ಕಳಿಗೂ ಒಂದು ತಟ್ಟೆ ಹೋಯಿತು.

ಪಾಸ್ಖ ಹಬ್ಬದ ದಿನ ಬಲಿಪೂಜೆಯ ನಂತರ ಅಜ್ಜಿಯೂ ಮಕ್ಕಳೂ ಮಾಂಸದ ಕಿಬ್ಬೆ ಮಾಡಿದರು. ಸಂಜೆ ಕುವೈತಿನಿಂದ ಫೋನು ಬಂತು. "ಎಷ್ಟು ಒಡೆದವು ಮಗಳೇ?" "ಎರಡು ಅಪ್ಪ. ಅವನ್ನ ಅಜ್ಜಿ ತಿಂದ್ರು."

ದೂರದಿಂದ ಹಣ ಕಳಿಸುವುದೂ ಪ್ರೀತಿಯೇ, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಆ ಮಕ್ಕಳ ಕೈಯಲ್ಲಿ ಉಳಿದದ್ದು ತಂದೆ ಪಕ್ಕದಲ್ಲಿ ಕುಳಿತು ಕಲಿಸಿದ ಕೆಲಸ. ಕಿಬ್ಬೆ ಒಬ್ಬರೇ ಮಾಡುವ ಅಡುಗೆಯಲ್ಲ. ಅರೆಯಲು ಒಬ್ಬರು, ತುಂಬಲು ಒಬ್ಬರು, ಕರಿಯಲು ಒಬ್ಬರು ಬೇಕು. ಊರಲ್ಲೇ ಇರುವ ಅಪ್ಪಂದಿರೇ, ಬರುವ ಭಾನುವಾರ ನೀವು ಯಾವ ಕೆಲಸ ಹಿಡಿಯುತ್ತೀರಿ?